ಅಪ್ಪನ ಡಬ್ಬಿಯಲ್ಲಿ ಸಿಕ್ಕ ಹಳೆಯ ಕ್ರಿಕೆಟ್ ಟಿಕೆಟ್‌ಗಳನ್ನು ಏನು ಮಾಡಲಿ?

ಪ್ರಶ್ನೆ: ತೀರಿಕೊಂಡ ನಮ್ಮ ತಂದೆಯವರ ಟ್ರಂಕಿನಲ್ಲಿ ಒಂದು ಬಿಸ್ಕತ್ ಡಬ್ಬಿ ಸಿಕ್ಕಿತು. ಅದರ ತುಂಬ ಬೆಂಗಳೂರಿನಲ್ಲಿ ನಡೆದ ಕ್ರಿಕೆಟ್ ಪಂದ್ಯಗಳ ಟಿಕೆಟ್‌ಗಳು, ಹೆಚ್ಚಿನವು ಹರಿದ ತುಂಡುಗಳು. ಒಂದರ ಮೇಲೆ 1974 ಎಂದಿದೆ. ಇವುಗಳಿಗೆ ಬೆಲೆ ಇದೆಯೇ? ಹಾಳಾಗದಂತೆ ಲ್ಯಾಮಿನೇಟ್ ಮಾಡಿಸಲೇ?

ಉತ್ತರ:

ಆ ಡಬ್ಬಿಯನ್ನು ಲ್ಯಾಮಿನೇಶನ್ ಅಂಗಡಿಗೆ ಮಾತ್ರ ಒಯ್ಯಬೇಡಿ. ಉಳಿದ ಮಾತೆಲ್ಲ ಆಮೇಲೆ.

ಇದನ್ನು ಇಷ್ಟು ಅವಸರದಿಂದ ಹೇಳಲು ಕಾರಣವಿದೆ. ನನ್ನ ಮಗಳನ್ನು ಮೊದಲ ಸಲ ಕ್ರೀಡಾಂಗಣಕ್ಕೆ ಕರೆದುಕೊಂಡು ಹೋದಾಗಿನ ಟಿಕೆಟ್ ಒಂದಿತ್ತು. ಯಂತ್ರದಿಂದ ಹೊರಬಂದ ನುಣುಪು ಕಾಗದ, ಬಸ್ ಟಿಕೆಟ್‌ನಂಥದ್ದು. ಅಕ್ಷರ ಮಾಸುತ್ತಿದೆ ಎಂದು ಗಾಬರಿಯಾಗಿ ಅದನ್ನು ಒಂದು ಅಂಗಡಿಯಲ್ಲಿ ಲ್ಯಾಮಿನೇಟ್ ಮಾಡಲು ಕೊಟ್ಟೆ. ಯಂತ್ರದ ಒಂದು ಬದಿಯಿಂದ ಬಿಳಿಯಾಗಿ ಒಳಹೋದ ಚೀಟಿ ಇನ್ನೊಂದು ಬದಿಯಿಂದ ಕಾಡಿಗೆಯಂತೆ ಕಪ್ಪಾಗಿ ಹೊರಬಂತು. ಈ ಬಗೆಯ ಥರ್ಮಲ್ ಕಾಗದಕ್ಕೆ ಶಾಯಿ ಬಳಿಯುವುದಿಲ್ಲ. ಕಾಗದದ ಮೇಲಿನ ರಾಸಾಯನಿಕ ಲೇಪವೇ ಬಿಸಿ ತಗುಲಿದ ಕಡೆ ಕಪ್ಪಾಗಿ ಅಕ್ಷರ ಮೂಡುತ್ತದೆ. ಲ್ಯಾಮಿನೇಶನ್ ಯಂತ್ರದ ಬಿಸಿ ಇಡೀ ಚೀಟಿಯನ್ನೇ ಒಂದು ದೊಡ್ಡ ಕಪ್ಪು ಅಕ್ಷರವಾಗಿ ಮಾಡಿಬಿಟ್ಟಿತು. ಅಂಗಡಿಯವನ ತಪ್ಪಲ್ಲ, ಅವನಿಗೂ ಗೊತ್ತಿರಲಿಲ್ಲ. ಮಗಳಿಗೆ ಆಗ ಆರು ವರ್ಷ. ಆ ಕಪ್ಪು ತುಂಡನ್ನು ನಾನು ಇನ್ನೂ ಎಸೆದಿಲ್ಲ.

ನಿಮ್ಮ ತಂದೆಯವರ ಕಾಲದ ಟಿಕೆಟ್‌ಗಳು ಅಚ್ಚುಕೂಟದಲ್ಲಿ ಶಾಯಿಯಿಂದ ಮುದ್ರಿಸಿದವು, ಅವು ಹೀಗೆ ಕಪ್ಪಾಗುವುದಿಲ್ಲ. ಆದರೂ ಲ್ಯಾಮಿನೇಟ್ ಮಾಡಿದರೆ ಅಂಟು ಕಾಗದದ ನಾರಿನೊಳಕ್ಕೆ ಇಳಿಯುತ್ತದೆ, ಅದನ್ನು ಮತ್ತೆ ಬಿಡಿಸಲಾಗುವುದಿಲ್ಲ. ಸಂಗ್ರಹಕಾರರ ಕಣ್ಣಿನಲ್ಲಿ ಅಂಥ ಟಿಕೆಟ್ ಅಲ್ಲಿಗೆ ಮುಗಿದಂತೆ.

ಈಗ ಆ 1974ರ ತುಂಡಿನ ವಿಷಯ. ಅದು ನವೆಂಬರ್ ತಿಂಗಳದ್ದು, ವೆಸ್ಟ್ ಇಂಡೀಸ್ ವಿರುದ್ಧದ್ದು ಆಗಿದ್ದರೆ ದಯವಿಟ್ಟು ಒಂದು ನಿಮಿಷ ಕುಳಿತುಕೊಂಡು ಅದನ್ನು ನೋಡಿ. ಇವತ್ತು ನಾವು ಚಿನ್ನಸ್ವಾಮಿ ಎನ್ನುವ ಆ ಕ್ರೀಡಾಂಗಣದಲ್ಲಿ ನಡೆದ ಮೊತ್ತಮೊದಲ ಟೆಸ್ಟ್ ಅದು. ಪಂದ್ಯ ಶುರುವಾದದ್ದು ನವೆಂಬರ್ 22ರಂದು. ಮುಂದೆ ವೆಸ್ಟ್ ಇಂಡೀಸ್‌ನ ದಿಗ್ಗಜ ಬ್ಯಾಟ್ಸ್‌ಮನ್‌ಗಳಾದ ಗಾರ್ಡನ್ ಗ್ರೀನಿಜ್ ಮತ್ತು ವಿವಿಯನ್ ರಿಚರ್ಡ್ಸ್ ಇಬ್ಬರೂ ಟೆಸ್ಟ್ ಅಂಗಳಕ್ಕೆ ಕಾಲಿಟ್ಟದ್ದು ಅದೇ ಪಂದ್ಯದಲ್ಲಿ. ಗ್ರೀನಿಜ್ 93 ರನ್ ಮಾಡಿ ರನ್ ಔಟ್ ಆದರು, ಎರಡನೆಯ ಇನ್ನಿಂಗ್ಸ್‌ನಲ್ಲಿ 107 ಹೊಡೆದರು. ರಿಚರ್ಡ್ಸ್ ಮಾಡಿದ್ದು 4 ಮತ್ತು 3. ಎರಡೂ ಸಲ ಅವರನ್ನು ಔಟ್ ಮಾಡಿದವರು ನಮ್ಮ ಚಂದ್ರಶೇಖರ್. ಅಂದು ಗ್ಯಾಲರಿಯಲ್ಲಿ ಕುಳಿತವರಲ್ಲಿ ಎಷ್ಟು ಜನ ರಿಚರ್ಡ್ಸ್ ಎಂಬ ಆ ಹುಡುಗನ ಹೆಸರನ್ನು ನೆನಪಿಟ್ಟುಕೊಂಡು ಮನೆಗೆ ಹೋಗಿದ್ದಾರು? ಭಾರತ 267 ರನ್‌ಗಳಿಂದ ಸೋತಿತ್ತು. ಜನ ಕ್ಲೈವ್ ಲಾಯ್ಡ್ ಹೊಡೆದ 163ರ ಮಾತಾಡುತ್ತಾ ಬಸ್ಸು ಹತ್ತಿರಬೇಕು.

ಹಳೆಯ ಟಿಕೆಟ್‌ಗೆ ಬೆಲೆ ಬರುವ ಬಗೆ ಹೀಗೆಯೇ. ಕೊಂಡ ದಿನ ಅದು ಬರೀ ಒಂದು ಚೀಟಿ, ಆ ದಿನದ ಅರ್ಥ ತೆರೆದುಕೊಳ್ಳುವುದು ವರ್ಷಗಳು ಕಳೆದ ಮೇಲೆ. ಅಮೆರಿಕದಲ್ಲಿ ಇದಕ್ಕೆ ದೊಡ್ಡ ಮಾರುಕಟ್ಟೆಯೇ ಇದೆ. 1947ರ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಬ್ರೂಕ್ಲಿನ್ ತಂಡದ ಪರ ಬೇಸ್‌ಬಾಲ್ ಆಡಿ ದೊಡ್ಡ ಲೀಗ್‌ನ ವರ್ಣಭೇದದ ಗೋಡೆಯನ್ನು ಒಡೆದರು. ಆ ಪಂದ್ಯದ ಹರಿದ ತುಂಡೊಂದು 2022ರ ಫೆಬ್ರವರಿಯಲ್ಲಿ 4,80,000 ಡಾಲರ್‌ಗೆ ಹರಾಜಾಯಿತು. ಅದೇ ಹರಾಜಿನಲ್ಲಿ 1984ರ ಅಕ್ಟೋಬರ್ 26ರ ಶಿಕಾಗೊ ಬುಲ್ಸ್ ಪಂದ್ಯದ, ಅಂದರೆ ಬ್ಯಾಸ್ಕೆಟ್‌ಬಾಲ್ ತಾರೆ ಮೈಕೆಲ್ ಜೋರ್ಡನ್ ಅವರ ಮೊದಲ ಎನ್‌ಬಿಎ ಪಂದ್ಯದ ಟಿಕೆಟ್ 4,68,000 ಡಾಲರ್‌ಗೆ ಹೋಯಿತು. ನಮ್ಮ ಲೆಕ್ಕದಲ್ಲಿ ಒಂದೊಂದಕ್ಕೂ ಮೂರೂವರೆ ಕೋಟಿ ರೂಪಾಯಿಯ ಆಸುಪಾಸು. ಜೋರ್ಡನ್ ಟಿಕೆಟ್ ಒಂದಿಷ್ಟೂ ಹರಿಯದೆ ಇಡಿಯಾಗಿತ್ತು. ಅದರ ಒಡೆಯ ಆಗ ಕಾಲೇಜು ಹುಡುಗ. ಎರಡು ಟಿಕೆಟ್ ಸಿಕ್ಕಿದ್ದರೂ ಜೊತೆಗೆ ಬರುವ ಗೆಳೆಯ ಸಿಗದೆ ಒಬ್ಬನೇ ಹೋಗಿದ್ದ. ಬಳಕೆಯಾಗದೆ ಉಳಿದ ಎರಡನೆಯದು ಮೂವತ್ತೇಳು ವರ್ಷಗಳ ನಂತರ ಕೋಟಿ ಬಾಳಿತು.

ಈ ಮೊತ್ತಗಳನ್ನು ನೋಡಿ ನೀವು ಲೆಕ್ಕ ಹಾಕಲು ಶುರು ಮಾಡಬಾರದು. ನಮ್ಮಲ್ಲಿ ಕ್ರಿಕೆಟ್ ಟಿಕೆಟ್ ಕೊಳ್ಳುವವರ ವಲಯ ಬಹಳ ಚಿಕ್ಕದು. ಬ್ಯಾಟು, ಅಂಗಿ, ಹಸ್ತಾಕ್ಷರಕ್ಕೆ ಕೈಯೆತ್ತುವವರು ಟಿಕೆಟ್‌ನ ಎದುರು ಕೈಕಟ್ಟಿ ಕೂರುತ್ತಾರೆ. ನಾನು ಮೂವತ್ತು ವರ್ಷಗಳಿಂದ ಸಂಗ್ರಹಿಸುತ್ತಿದ್ದೇನೆ. ಹಳೆಯ ಪುಸ್ತಕದಂಗಡಿಗಳಲ್ಲಿ, ನಾಣ್ಯ ಮತ್ತು ಅಂಚೆಚೀಟಿ ಪ್ರದರ್ಶನಗಳಲ್ಲಿ ಅಲ್ಲೊಂದು ಇಲ್ಲೊಂದು ಕೊಂಡಿದ್ದೇನೆ. ಒಂದು ಒಳ್ಳೆಯ ಊಟದ ಬೆಲೆಗಿಂತ ಹೆಚ್ಚು ಕೊಟ್ಟದ್ದು ತೀರ ಕಡಿಮೆ. ಯಾರಾದರೂ ಬಂದು ಇಡೀ ಡಬ್ಬಿಗೆ ಒಂದೇ ಬೆಲೆ ಕಟ್ಟಿ ಒಯ್ಯುತ್ತೇನೆ ಎಂದರೆ ಕೊಡಬೇಡಿ. ಅವರಿಗೆ ಬೇಕಾದದ್ದು ಆ 1974ರ ತುಂಡು ಒಂದೇ ಆಗಿರುತ್ತದೆ.

ಹರಿದದ್ದು ಮೇಲೋ ಇಡಿಯಾಗಿರುವುದು ಮೇಲೋ ಎಂಬ ಚರ್ಚೆ ನಮ್ಮ ನಡುವೆ ಮುಗಿಯುವುದೇ ಇಲ್ಲ. ಮಾರುಕಟ್ಟೆ ಸಾಮಾನ್ಯವಾಗಿ ಇಡಿಯಾಗಿರುವುದರ ಕಡೆ ವಾಲುತ್ತದೆ. ನಾನು ಹರಿದದ್ದರ ಕಡೆ. ಬಾಗಿಲಲ್ಲಿ ನಿಂತವನು ಚರ್ರೆಂದು ಹರಿದು ಕೈಗೆ ಕೊಟ್ಟನಲ್ಲ, ಆ ಓರೆಕೋರೆ ಅಂಚೇ ಒಬ್ಬ ಮನುಷ್ಯ ಒಳಗೆ ಹೋದ ಎನ್ನುವುದಕ್ಕೆ ರುಜು.

ಇದನ್ನು ನನಗೆ ಕಲಿಸಿದವರು ನನ್ನ ಸೋದರಮಾವ. 1974ರಲ್ಲಿ ಅವರು ಬೆಂಗಳೂರಿನಲ್ಲಿ ಓದುತ್ತಿದ್ದರು, ಆ ಟೆಸ್ಟ್‌ನ ಮೊದಲ ದಿನ ಹೋಗಿದ್ದರು. ಟಿಕೆಟ್‌ನ ತುಂಡು ಪ್ಯಾಂಟಿನ ಕಿಸೆಯಲ್ಲೇ ಉಳಿದು, ಊರಿನಲ್ಲಿ ಒಗೆಯುವ ಕಲ್ಲಿನ ಮೇಲೆ ಮುದ್ದೆಯಾಯಿತು. ಆ ಮೇಲೆ ಅವರು ಒಂದು ಚೀಟಿಯನ್ನೂ ಕಳೆದವರಲ್ಲ. ಮುಂದೆ ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಗೆ ಸೇರಿದರು. 1987ರ ಮಾರ್ಚ್‌ನಲ್ಲಿ ಪಾಕಿಸ್ತಾನದ ವಿರುದ್ಧದ ಟೆಸ್ಟ್‌ಗೆ ಇಡೀ ಪಂದ್ಯದ ಟಿಕೆಟ್ ಕೊಂಡರು. ದಿನಕ್ಕೊಂದರಂತೆ ಐದು ಚೀಟಿ ಸೇರಿಸಿದ ಹಾಳೆ, ಪ್ರತಿ ದಿನ ಬಾಗಿಲಲ್ಲಿ ಒಂದೊಂದು ಹರಿಯಬೇಕು. ನಾಲ್ಕನೆಯ ದಿನದ ಆಟಕ್ಕೆ ಅವರ ಸಹೋದ್ಯೋಗಿಯೊಬ್ಬರು ಬರಲಾಗದೆ ಅವರ ಹಾಳೆ ನನ್ನ ಪಾಲಿಗೆ ಬಂತು. ನನಗೆ ಹನ್ನೆರಡು ವರ್ಷ. ಶಾಲೆ ತಪ್ಪಿಸಿ ಬೆಳಗಿನ ರೈಲಿಗೆ ಹೋದೆವು.

ಗೆಲ್ಲಲು 221 ಬೇಕಿತ್ತು. ಚೆಂಡು ಬಿದ್ದ ಕಡೆ ಧೂಳೆದ್ದು ಹಾವಿನಂತೆ ತಿರುಗುತ್ತಿದ್ದ ಅಂಕಣ. ಅದರ ಮೇಲೆ ಸುನಿಲ್ ಗಾವಸ್ಕರ್ 96 ರನ್ ಮಾಡಿದರು. ಇಕ್ಬಾಲ್ ಕಾಸಿಂ ಎಸೆದ ಒಂದು ಚೆಂಡು ಎದ್ದು ಬಂದು ಸ್ಲಿಪ್‌ನವನ ಕೈ ಸೇರಿದಾಗ ಅಷ್ಟು ಸಾವಿರ ಜನ ಒಟ್ಟಿಗೆ ಉಸಿರು ಬಿಟ್ಟ ಸದ್ದು ನನಗೆ ಇವತ್ತಿಗೂ ಕೇಳಿಸುತ್ತದೆ. ಅದು ಅವರ ಕೊನೆಯ ಟೆಸ್ಟ್ ಇನ್ನಿಂಗ್ಸ್ ಎಂದು ಹನ್ನೆರಡು ವರ್ಷದ ನನಗೆ ಹೇಗೆ ಗೊತ್ತಾಗಬೇಕು? ಭಾರತ 204ಕ್ಕೆ ಮುಗಿಯಿತು, 16 ರನ್‌ಗಳ ಸೋಲು. ಪಂದ್ಯ ಐದನೆಯ ದಿನಕ್ಕೆ ಹೋಗಲೇ ಇಲ್ಲ. ಹಾಗಾಗಿ ಮಾವನ ಹಾಳೆಯಲ್ಲಿ ಐದನೆಯ ಚೀಟಿ ಹರಿಯದೆ ಉಳಿದಿದೆ. ಆಡದೇ ಹೋದ ದಿನದ ಟಿಕೆಟ್ ಅದು. ಅವರು ಅದನ್ನು ನನಗೆ ಕೊಟ್ಟಾಗ ಅದರೊಂದಿಗೆ ಮಡಿಸಿದ ಕಾಗದವೊಂದಿತ್ತು: ಎಲ್ಲಿ ಕುಳಿತೆವು, ಬುತ್ತಿಯಲ್ಲಿ ಏನಿತ್ತು, ಪಕ್ಕದಲ್ಲಿದ್ದ ಅಪರಿಚಿತರು ಯಾವ ಊರಿನವರು, ಗಾವಸ್ಕರ್ ಔಟಾದಾಗ ನಾನು ಅತ್ತೆ ಎಂಬುದೂ ಸೇರಿದಂತೆ. ಟಿಕೆಟ್‌ಗಿಂತ ಆ ಕಾಗದವೇ ಹೆಚ್ಚಿನದು ಎಂದು ನಾನು ತಿಳಿದಿದ್ದೇನೆ.

ಆಡದ ದಿನಗಳ ಟಿಕೆಟ್ ಎಂದರೆ ಅಂದಿನಿಂದ ನನಗೆ ವಿಶೇಷ ಪ್ರೀತಿ. 2015ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾ ಬೆಂಗಳೂರಿಗೆ ಬಂತು. ಎ.ಬಿ. ಡಿವಿಲಿಯರ್ಸ್ ಅವರ ನೂರನೆಯ ಟೆಸ್ಟ್. ಎದುರಾಳಿ ಆಟಗಾರನೊಬ್ಬನಿಗೆ ಇಡೀ ಕ್ರೀಡಾಂಗಣ ತನ್ನವನೆಂಬಂತೆ ಹೆಸರು ಹಿಡಿದು ಕೂಗಿದ ದಿನ ಅದು. ಅವರು 85 ಹೊಡೆದರು. ಮೊದಲ ದಿನದ ಕೊನೆಗೆ ಭಾರತ ವಿಕೆಟ್ ನಷ್ಟವಿಲ್ಲದೆ 80. ಆಮೇಲೆ ಹಿಡಿದ ಮಳೆ ಉಳಿದ ನಾಲ್ಕೂ ದಿನ ಒಂದು ಚೆಂಡನ್ನೂ ಎಸೆಯಗೊಡಲಿಲ್ಲ. 2018ರ ಜೂನ್‌ನಲ್ಲಿ ಅಫ್ಗಾನಿಸ್ತಾನ ತನ್ನ ಮೊತ್ತಮೊದಲ ಟೆಸ್ಟ್ ಆಡಿದ್ದೂ ಇಲ್ಲಿಯೇ. ಶಿಖರ್ ಧವನ್ ಮೊದಲ ದಿನ ಊಟದ ವಿರಾಮಕ್ಕೆ ಮೊದಲೇ ಶತಕ ಮುಗಿಸಿದ್ದರು, ಪಂದ್ಯ ಎರಡೇ ದಿನದಲ್ಲಿ ಮುಗಿದುಹೋಯಿತು. ನಿಮ್ಮ ಡಬ್ಬಿಯಲ್ಲಿ ಹರಿಯದ ಟಿಕೆಟ್ ಕಂಡರೆ ತಂದೆಯವರು ಹೋಗಲಿಲ್ಲ ಎಂದು ತಿಳಿಯುವ ಮೊದಲು ಆ ದಿನ ಆಟ ನಡೆಯಿತೇ ಎಂದು ನೋಡಿ.

ಹೊರಗಿನಿಂದ ಕೊಳ್ಳುವ ಮನಸ್ಸು ನಿಮಗೂ ಬಂದರೆ ನಕಲಿಗಳ ಬಗ್ಗೆ ಎಚ್ಚರ ಬೇಕು. ಕಂಪ್ಯೂಟರ್ ಮುದ್ರಣ ಬಂದ ಮೇಲೆ ಹಳೆಯ ಟಿಕೆಟ್ ಹುಟ್ಟಿಸುವುದು ಕಷ್ಟವಲ್ಲ. ನಾನು ಮೊದಲು ನೋಡುವುದು ದಿನಾಂಕಕ್ಕೂ ವಾರಕ್ಕೂ ಹೊಂದಾಣಿಕೆ ಇದೆಯೇ ಎಂದು. 1996ರ ವಿಶ್ವಕಪ್‌ನ ಭಾರತ–ಪಾಕಿಸ್ತಾನ ಕ್ವಾರ್ಟರ್ ಫೈನಲ್ ನಡೆದದ್ದು ಮಾರ್ಚ್ 9, ಶನಿವಾರ. ಒಮ್ಮೆ ನನಗೆ ತೋರಿಸಿದ ‘ಅಸಲಿ’ ಟಿಕೆಟ್‌ನಲ್ಲಿ ಭಾನುವಾರ ಎಂದಿತ್ತು. ಎರಡನೆಯದು ಊರಿನ ಹೆಸರು. ಇಂಗ್ಲಿಷ್‌ನಲ್ಲಿ ‘ಬ್ಯಾಂಗಲೋರ್’ ಹೋಗಿ ‘ಬೆಂಗಳೂರು’ ಅಧಿಕೃತವಾದದ್ದು 2014ರ ನವೆಂಬರ್ 1ರಂದು. 1990ರ ದಶಕದ ಟಿಕೆಟ್‌ನ ಇಂಗ್ಲಿಷ್ ಸಾಲಿನಲ್ಲಿ ಹೊಸ ಹೆಸರು ಕಂಡರೆ ಅನುಮಾನಪಡಿ. ತೆರಿಗೆಯ ಸಾಲೂ ಸುಳಿವು ಕೊಡುತ್ತದೆ. ಜಿಎಸ್‌ಟಿ ಜಾರಿಗೆ ಬಂದದ್ದು 2017ರ ಜುಲೈ 1ಕ್ಕೆ, ಅದಕ್ಕಿಂತ ಹಳೆಯ ಟಿಕೆಟ್‌ನಲ್ಲಿ ಆ ಮೂರಕ್ಷರ ಇರಲು ಸಾಧ್ಯವಿಲ್ಲ. ಇವೆಲ್ಲ ಸರಿಯಿದ್ದರೆ ಭೂತಗನ್ನಡಿ ಹಿಡಿದು ಮುದ್ರಣ ನೋಡಿ. ಮನೆಯ ಪ್ರಿಂಟರ್‌ನಲ್ಲಿ ತೆಗೆದದ್ದಾದರೆ ಅಕ್ಷರದ ಅಂಚಿನಲ್ಲಿ ಬಣ್ಣಬಣ್ಣದ ಸಣ್ಣ ಚುಕ್ಕಿಗಳು ಚೆದುರಿರುತ್ತವೆ. ಹಳೆಯ ಅಚ್ಚುಮೊಳೆಯ ಮುದ್ರಣದಲ್ಲಿ ಮೊಳೆ ಒತ್ತಿದ ತಗ್ಗು ಬೆರಳಿಗೇ ತಿಳಿಯುತ್ತದೆ.

ಆ 1996ರ ಪಂದ್ಯದ ತುಂಡು ನನ್ನಲ್ಲಿದೆ. ರಾತ್ರಿಯೆಲ್ಲ ಸಾಲಿನಲ್ಲಿ ನಿಂತು ಕೊಂಡದ್ದು. ಅಜಯ್ ಜಡೇಜ 25 ಚೆಂಡುಗಳಲ್ಲಿ 45 ಹೊಡೆದಾಗಲೂ, ಆಮಿರ್ ಸೊಹೈಲ್ ಬೌಂಡರಿ ಹೊಡೆದು ಬ್ಯಾಟಿನಿಂದ ಬೆದರಿಸಿದ ಮರುಚೆಂಡಿಗೇ ವೆಂಕಟೇಶ್ ಪ್ರಸಾದ್ ಆತನ ಸ್ಟಂಪ್ ಎಗರಿಸಿದಾಗಲೂ ಆ ಚೀಟಿ ನನ್ನ ಅಂಗೈಯಲ್ಲಿತ್ತು. ಬೆವರಿಗೆ ಒಂದು ಮೂಲೆ ಕರಗಿ ಆಸನದ ಸಂಖ್ಯೆ ಅಳಿಸಿಹೋಗಿದೆ. ಮಾರಲು ಹೋದರೆ ಇದು ಕುಂದು. ನನಗೆ ಆ ಅಳಿಸಿದ ಸಂಖ್ಯೆಯಷ್ಟು ಪ್ರಿಯವಾದದ್ದು ಆ ಚೀಟಿಯಲ್ಲಿ ಬೇರೆ ಇಲ್ಲ.

ಕಾಪಾಡುವ ಕೆಲಸಕ್ಕೆ ಬರೋಣ. ಮೊದಲು ಆ ಬಿಸ್ಕತ್ ಡಬ್ಬಿಯಿಂದ ಅವುಗಳನ್ನು ಹೊರತೆಗೆಯಿರಿ. ತಗಡು ತುಕ್ಕು ಹಿಡಿಯುತ್ತದೆ, ಕಾಗದಕ್ಕೆ ತುಕ್ಕು ಹತ್ತಿದರೆ ಹೋಗುವುದಿಲ್ಲ. ಆದರೆ ಡಬ್ಬಿಯನ್ನು ಎಸೆಯಬೇಡಿ, ಅದೂ ಅವರದೇ ತಾನೇ. ಗುಂಡುಸೂಜಿ, ಸ್ಟೇಪಲ್ ಇದ್ದರೆ ಉಗುರಿನಿಂದ ಎಳೆಯದೆ ಹಿಂಬದಿಯ ಕಾಲುಗಳನ್ನು ನೆಟ್ಟಗೆ ಮಾಡಿ ಮೆಲ್ಲನೆ ಬಿಡಿಸಿ. ರಬ್ಬರ್ ಬ್ಯಾಂಡ್ ಕರಗಿ ಅಂಟಿದ್ದರೆ ಬಲವಂತ ಮಾಡಬೇಡಿ. ಹರಿದ ಕಡೆ ಸೆಲ್ಲೊಟೇಪ್ ಹಚ್ಚುವುದು ಎಲ್ಲಕ್ಕಿಂತ ದೊಡ್ಡ ಅಪಚಾರ. ಹತ್ತು ವರ್ಷದಲ್ಲಿ ಟೇಪ್ ಉದುರಿ ಹಳದಿ ಕಲೆ ಮಾತ್ರ ಉಳಿಯುತ್ತದೆ.

ಅಂಚೆಚೀಟಿ ಸಂಗ್ರಹಕಾರರು ಬಳಸುವ ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಲಕೋಟೆಗಳು ಸಿಗುತ್ತವೆ, ಅವುಗಳಲ್ಲಿ ಒಂದೊಂದನ್ನೇ ಇಡಿ. ಸಾಮಾನ್ಯ ಫೋಟೊ ಆಲ್ಬಮ್‌ನ ಮೆತ್ತನೆಯ ಪಿವಿಸಿ ಹಾಳೆ ಬೇಡ. ಮೂಸಿ ನೋಡಿದರೆ ಹೊಸ ರೇನ್‌ಕೋಟಿನ ವಾಸನೆ ಬಂದರೆ ಅದೇ ಪಿವಿಸಿ. ಅದು ವರ್ಷಗಳು ಕಳೆದಂತೆ ಬೆವರಿ ಶಾಯಿಯನ್ನು ತನ್ನ ಮೈಗೆ ಎಳೆದುಕೊಳ್ಳುತ್ತದೆ. ಬಿಸಿಲು ಬೀಳುವ ಗೋಡೆಯ ಮೇಲೆ ಚೌಕಟ್ಟು ಹಾಕಿ ತೂಗುವ ಆಸೆಯಾದರೆ ಬಣ್ಣದ ನಕಲು ತೂಗಿ, ಮೂಲ ಕಪಾಟಿನಲ್ಲಿರಲಿ. ಕಪಾಟು ಹೊರಗೋಡೆಗೆ ತಾಗಿರಬಾರದು, ಮಳೆಗಾಲದಲ್ಲಿ ಆ ಗೋಡೆಯ ತೇವವೇ ಬೂಷ್ಟಿಗೆ ಮೂಲ. ಮಲೆನಾಡಿನವರಾದರೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ತಿಂಗಳಿಗೊಮ್ಮೆ ಬದಲಿಸಿ. ಗೆದ್ದಲಿಗೆ ನೀವೇ ಕಾವಲು.

ಎರಡೂ ಬದಿಯನ್ನು ಸ್ಕ್ಯಾನ್ ಮಾಡಿ. ಹಿಂಬದಿಯನ್ನು ಜನ ಮರೆಯುತ್ತಾರೆ. ಆ ಕಾಲದವರು ಟಿಕೆಟ್‌ನ ಬೆನ್ನ ಮೇಲೆ ಪೆನ್ಸಿಲಿನಲ್ಲಿ ಸ್ಕೋರು, ಬಸ್ಸಿನ ಸಮಯ, ಗೆಳೆಯನ ವಿಳಾಸ ಎಲ್ಲ ಬರೆಯುತ್ತಿದ್ದರು. ಆ ಬರಹವನ್ನು ಕೊಳೆ ಎಂದು ಅಳಿಸಬೇಡಿ.

ಬಸ್ ಟಿಕೆಟ್‌ಗಳು ಸಿಕ್ಕಿದರೆ ಅವನ್ನೂ ಇಡಿ. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಗ್ಲೇಡ್ಸ್‌ನಲ್ಲಿ ಮುಂಬೈ ವಿರುದ್ಧದ ರಣಜಿ ಫೈನಲ್ ನಡೆಯಿತು. ಮನೀಶ್ ಪಾಂಡೆ 144 ಹೊಡೆದರೂ ಕರ್ನಾಟಕ ಬರೀ 6 ರನ್‌ಗಳಿಂದ ಸೋತಿತು. ನಾನು ಕಂಡ ಅತಿ ದೊಡ್ಡ ಪಂದ್ಯ ಅದು, ಆದರೆ ಅದರ ಟಿಕೆಟ್ ನನ್ನಲ್ಲಿಲ್ಲ. ನಾನು ಟಿಕೆಟ್ ಇಲ್ಲದೆಯೇ ಒಳಗೆ ಹೋಗಿ ಜನರ ನಡುವೆ ನಿಂತವನು. ನನ್ನ ಪಾಲಿಗೆ ಆ ದಿನದ ಗುರುತೆಂದರೆ ಮೈಸೂರಿಗೆ ಹೋದ ಬಸ್ಸಿನ ಚೀಟಿ. ಅದೂ ಯಂತ್ರದ ಕಾಗದವೇ, ಈಗ ಖಾಲಿ ಬಿಳಿ ಪಟ್ಟಿಯಾಗಿದೆ. ಪುಣ್ಯಕ್ಕೆ ಮೊದಲೇ ಜೆರಾಕ್ಸ್ ತೆಗೆಸಿದ್ದೆ. ಥರ್ಮಲ್ ಕಾಗದಕ್ಕೆ ಇರುವ ಉಪಾಯ ಇದೊಂದೇ: ಮಾಸುವ ಮೊದಲು ಸಾದಾ ಕಾಗದದ ಮೇಲೆ ನಕಲು.

ಈಗಂತೂ ಹಲವು ಪಂದ್ಯಗಳಿಗೆ ಕಾಗದವೇ ಇಲ್ಲ, ಮೊಬೈಲ್ ಪರದೆಯ ಮೇಲೊಂದು ಚೌಕ, ಬಾಗಿಲಲ್ಲಿ ಒಂದು ‘ಬೀಪ್’. ಇದು ನನಗೆ ನಿಜವಾದ ದುಃಖ. ಮಗಳು ಈಗ ಗೆಳತಿಯರೊಂದಿಗೆ ಪಂದ್ಯಗಳಿಗೆ ಹೋಗುತ್ತಾಳೆ. ಮರಳಿ ಬಂದ ರಾತ್ರಿಯೇ ಒಂದು ಚೀಟಿಯಲ್ಲಿ ದಿನಾಂಕ, ಆಸನ, ಜೊತೆಗಿದ್ದವರ ಹೆಸರು, ಕಣ್ಣಿಗೆ ಕಟ್ಟಿದ ಒಂದು ದೃಶ್ಯ ಬರೆದು ಕೊಡು ಎಂದು ಕೇಳಿಕೊಂಡಿದ್ದೇನೆ. ಮೊದಲು ಬೇಸರಪಟ್ಟಳು. ಈಗ ನಾನು ಕೇಳುವ ಮೊದಲೇ ಮೇಜಿನ ಮೇಲಿಟ್ಟಿರುತ್ತಾಳೆ.

ನೀವೂ ಈ ವಾರವೇ ಮಾಡಬೇಕಾದ ಕೆಲಸ ಇದು. ನಿಮ್ಮ ತಾಯಿಯವರಿದ್ದರೆ, ತಂದೆಯವರ ಗೆಳೆಯರಿದ್ದರೆ, ಟಿಕೆಟ್‌ಗಳನ್ನು ಅವರ ಮುಂದೆ ಹರಡಿ ಸುಮ್ಮನೆ ಕುಳಿತುಕೊಳ್ಳಿ. ಯಾರ ಜೊತೆ ಹೋಗಿದ್ದರು, ದುಡ್ಡು ಎಲ್ಲಿಂದ ಹೊಂದಿಸಿದರು, ಮನೆಯಲ್ಲಿ ಏನು ಸುಳ್ಳು ಹೇಳಿ ಹೋದರು ಎಂಬುದೆಲ್ಲ ತಾನಾಗಿ ಬರುತ್ತದೆ. ಪ್ರತಿ ಟಿಕೆಟ್‌ಗೂ ಒಂದು ಬೇರೆ ಕಾಗದದಲ್ಲಿ ಪೆನ್ಸಿಲಿನಿಂದ ಬರೆದು ಅದೇ ಲಕೋಟೆಯ ಹಿಂದೆ ಇಡಿ. ಟಿಕೆಟ್ ಮುಂದಿನ ವರ್ಷವೂ ಹೀಗೇ ಇರುತ್ತದೆ, ಹೇಳುವವರು ಇರುತ್ತಾರೋ ಇಲ್ಲವೋ. ಮಾರುವುದೋ ಇಟ್ಟುಕೊಳ್ಳುವುದೋ ಎಂಬ ತೀರ್ಮಾನ ಅದಾದ ಮೇಲೆ ಆಗಲಿ.

ಕೊನೆಗೆ ನನ್ನದೊಂದು ಬೇಡಿಕೆ. ಆ 1974ರ ತುಂಡು ನಿಜಕ್ಕೂ ನವೆಂಬರ್ 22ರದ್ದೇ ಆಗಿದ್ದರೆ ಅದರ ಎರಡೂ ಬದಿಯ ಚಿತ್ರವನ್ನು ಇಲ್ಲಿ ಹಾಕುತ್ತೀರಾ? ಮಾವನಿಗೆ ಈಗ ಎಪ್ಪತ್ತು ದಾಟಿದೆ, ಒಗೆಯುವ ಕಲ್ಲಿನ ಮೇಲೆ ಹೋದ ಆ ಚೀಟಿ ಯಾವ ಬಣ್ಣದ್ದಿತ್ತು ಎಂಬುದು ಅವರಿಗೆ ಮರೆತುಹೋಗಿದೆ. ಒಮ್ಮೆ ಹಸಿರು ಎನ್ನುತ್ತಾರೆ, ಒಮ್ಮೆ ಗುಲಾಬಿ.